ಪೂರೈಕೆದಾರರಿಗೆ ನಿಯಮ ಹೇಳುವ ಮುನ್ನ ನಮ್ಮ ಖರೀದಿ ಹೇಗಿದೆ? – ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಯಂತ್ರಗಳ ಬಿಡಿಭಾಗ ತಯಾರಿಸುವ ಕಂಪನಿಯ ಖರೀದಿ ವಿಭಾಗದಲ್ಲಿದ್ದೇನೆ. ಈ ವರ್ಷ ಆಡಳಿತ ಮಂಡಳಿ ನಮಗೆ ಎರಡು ಕೆಲಸ ಒಪ್ಪಿಸಿದೆ. ಎಲ್ಲ ಪೂರೈಕೆದಾರರಿಂದ ಸುಸ್ಥಿರ ಖರೀದಿಯ ನೀತಿಸಂಹಿತೆಗೆ ಸಹಿ ಪಡೆಯಬೇಕು, ಅದೇ ಪೂರೈಕೆದಾರರಿಂದ ದರವನ್ನೂ ಇಳಿಸಬೇಕು. ಸಂಹಿತೆಯಲ್ಲಿ ವೇತನ, ಕೆಲಸದ ಅವಧಿ, ಬಾಲಕಾರ್ಮಿಕರ ನಿಷೇಧ, ತ್ಯಾಜ್ಯ ನಿರ್ವಹಣೆ ಎಲ್ಲವೂ ಇವೆ. ಸಹಿ ಹಾಕಿಸುವುದು ಕಷ್ಟವಲ್ಲ. ಆದರೆ ಅದರಿಂದ ಅಲ್ಲಿ ದುಡಿಯುವವರಿಗೆ ಏನಾದರೂ ಸಿಗುತ್ತದೆಯೇ? ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮದೇ ಖರೀದಿ ಆದೇಶಗಳಿಂದ ಆರಂಭಿಸಿ.

ಪೂರೈಕೆದಾರರ ಕಾರ್ಖಾನೆಯಲ್ಲಿ ಕಾಣುವ ಎಷ್ಟೋ ತಪ್ಪುಗಳ ಬೇರು ಖರೀದಿದಾರರ ಕಚೇರಿಯಲ್ಲಿರುತ್ತದೆ. ಉತ್ಪಾದನೆ ಶುರುವಾದ ಮೇಲೆ ಡ್ರಾಯಿಂಗ್ ಬದಲಿಸಿ ಗಡುವನ್ನು ಮಾತ್ರ ಹಾಗೆಯೇ ಉಳಿಸಿದರೆ, ಕಳೆದುಹೋದ ದಿನಗಳನ್ನು ಕಾರ್ಮಿಕರು ರಾತ್ರಿ ನಿಂತು ದುಡಿದು ತುಂಬಬೇಕಾಗುತ್ತದೆ. ಬಿಲ್ಲಿನ ಹಣ ತಿಂಗಳುಗಟ್ಟಲೆ ತಡವಾದರೆ ಮಾಲೀಕರು ಸಾಲ ತಂದು ಸಂಬಳ ಕೊಡುತ್ತಾರೆ, ಸಾಲ ಸಿಗದಿದ್ದರೆ ಸಂಬಳವೇ ತಡವಾಗುತ್ತದೆ. ವಿಶ್ವಸಂಸ್ಥೆ 2011ರಲ್ಲಿ ವ್ಯಾಪಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳನ್ನು ಅಂಗೀಕರಿಸಿತು. ಮರುವರ್ಷ ಅದರ ಮಾನವ ಹಕ್ಕುಗಳ ಕಚೇರಿ ತಂದ ವಿವರಣಾ ಕೈಪಿಡಿಯಲ್ಲಿ ಇಂಥದ್ದೇ ಉದಾಹರಣೆ ಇದೆ: ಕೊನೆಯ ಗಳಿಗೆಯಲ್ಲಿ ಉತ್ಪನ್ನದ ವಿವರ ಬದಲಿಸಿ, ಗಡುವನ್ನೂ ಬೆಲೆಯನ್ನೂ ಸರಿಹೊಂದಿಸದ ಕಂಪನಿ ಹಕ್ಕುಗಳ ಉಲ್ಲಂಘನೆಗೆ ತಾನೂ ಕಾರಣವಾಗುತ್ತದೆ.

ಆದ್ದರಿಂದ ಕಳೆದ ವರ್ಷದ ಆದೇಶಗಳನ್ನು ತೆಗೆದು ನೋಡಿ. ಒಪ್ಪಿದ ಕಾಲಾವಧಿಗಿಂತ ಬೇಗ ಕೊಡಿ ಎಂದು ಎಷ್ಟು ಸಲ ಒತ್ತಾಯಿಸಿದಿರಿ? ಆದೇಶ ಹೊರಟ ಮೇಲೆ ಪ್ರಮಾಣವನ್ನೋ ವಿನ್ಯಾಸವನ್ನೋ ಎಷ್ಟು ಸಲ ಬದಲಿಸಿದಿರಿ? ಹಣ ಸಂದಾಯವಾಗಬೇಕಿದ್ದ ದಿನಕ್ಕೂ ಸಂದಾಯವಾದ ದಿನಕ್ಕೂ ಎಷ್ಟು ಅಂತರ? ಇಷ್ಟು ಗೊತ್ತಾದ ಮೇಲೆ ನಿಮ್ಮ ಸಂಹಿತೆಯ ಯಾವ ಸಾಲನ್ನು ನೀವೇ ಅಸಾಧ್ಯವಾಗಿಸುತ್ತಿದ್ದೀರಿ ಎಂಬುದು ತಾನಾಗಿ ಕಾಣುತ್ತದೆ.

ಪ್ರಶ್ನೆ (ಅದೇ ಸದಸ್ಯರು): ಅರ್ಥವಾಯಿತು ಮೇಡಂ. ಆದರೆ ದರ ಇಳಿಕೆಯ ಗುರಿ ನನ್ನ ಕೈಯಲ್ಲಿಲ್ಲ. ಅದನ್ನು ಬಿಟ್ಟುಬಿಡಿ ಎಂದರೆ ಮೇಲಿನವರು ಒಪ್ಪುವುದಿಲ್ಲ.

ಉತ್ತರ: ಗುರಿಯನ್ನು ಬಿಡಬೇಕಾಗಿಲ್ಲ, ಉಳಿತಾಯ ಎಲ್ಲಿಂದ ಬರಬೇಕು ಎಂಬುದನ್ನು ನಿರ್ಧರಿಸಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಗೆ 87 ದೇಶಗಳ 1,454 ಪೂರೈಕೆದಾರರು ಉತ್ತರಿಸಿದ್ದರು. ಉತ್ಪಾದನಾ ವೆಚ್ಚವೂ ಹುಟ್ಟದ ದರಕ್ಕೆ ಆದೇಶ ಒಪ್ಪಿಕೊಂಡಿದ್ದೇವೆ ಎಂದವರು ಶೇ. 39ರಷ್ಟು ಮಂದಿ. ನಷ್ಟಕ್ಕೆ ಒಪ್ಪಿಕೊಂಡವರು ಅದನ್ನು ಎಲ್ಲಿಂದಲೋ ತುಂಬಿಕೊಳ್ಳಲೇಬೇಕು. ಉಕ್ಕಿನ ದರವನ್ನೂ ವಿದ್ಯುತ್ ದರವನ್ನೂ ಅವರು ಇಳಿಸಲಾರರು. ಕೈಗೆ ಸಿಗುವುದು ಕೂಲಿ, ಸುರಕ್ಷತೆ, ತ್ಯಾಜ್ಯ ಸಂಸ್ಕರಣೆ. ಕೆಲವೊಮ್ಮೆ ನಿಮಗೆ ಹೇಳದೆ ಕೆಲಸವನ್ನು ಇನ್ನೂ ಚಿಕ್ಕ ಶೆಡ್ಡಿಗೆ ದಾಟಿಸುತ್ತಾರೆ.

ಕೊಟೇಶನ್ನಿನಲ್ಲಿ ಕಾರ್ಮಿಕ ವೆಚ್ಚವನ್ನು ಪ್ರತ್ಯೇಕವಾಗಿ ಬರೆಸಿ, ಅದನ್ನು ಚೌಕಾಸಿಯಿಂದ ಪೂರ್ತಿ ಹೊರಗಿಡಿ. ಕನಿಷ್ಠ ವೇತನ ಏರಿದಾಗ ಆ ಬಾಬತ್ತು ತಾನಾಗಿ ಏರಲಿ. ಕಚ್ಚಾವಸ್ತುವಿನ ದರವನ್ನು ಮಾರುಕಟ್ಟೆ ಸೂಚ್ಯಂಕಕ್ಕೆ ಜೋಡಿಸಿ, ಏರಿದರೂ ಇಳಿದರೂ ಒಂದೇ ಲೆಕ್ಕ ಇರಲಿ. ಉಳಿತಾಯವನ್ನು ಬೇರೆ ಕಡೆ ಹುಡುಕಿ: ಬೇಡಿಕೆಯ ಅಂದಾಜನ್ನು ಮುಂಚಿತವಾಗಿ ಹಂಚಿಕೊಂಡರೆ ಅವರು ಕಚ್ಚಾವಸ್ತುವನ್ನು ಒಟ್ಟಾಗಿ ಕೊಳ್ಳಬಹುದು, ಅಗತ್ಯವಿಲ್ಲದ ಕಡೆ ಬಿಗಿಯಾದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಕೇಳುವುದನ್ನು ನಿಲ್ಲಿಸಿದರೆ ತಿರಸ್ಕೃತವಾಗುವ ಭಾಗಗಳು ಕಡಿಮೆಯಾಗುತ್ತವೆ, ಮರಳಿ ಬಳಸುವ ಪೆಟ್ಟಿಗೆಗಳಿಂದ ಪ್ಯಾಕಿಂಗ್ ಖರ್ಚೂ ತ್ಯಾಜ್ಯವೂ ಕಡಿಮೆಯಾಗುತ್ತವೆ. ಅವರ ಶಾಪ್ ಫ್ಲೋರಿಗೆ ನಿಮ್ಮ ವಿನ್ಯಾಸ ವಿಭಾಗದವರನ್ನು ಕರೆದೊಯ್ಯಿರಿ. ಎಲ್ಲಿ ಹಣ ಪೋಲಾಗುತ್ತಿದೆ ಎಂಬುದು ಅಲ್ಲಿ ಯಂತ್ರ ನಡೆಸುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನು ಸಣ್ಣ ಪೂರೈಕೆದಾರ. ಪ್ರತಿಯೊಬ್ಬ ಗ್ರಾಹಕರೂ ಬೇರೆ ಬೇರೆ ಪ್ರಶ್ನಾವಳಿ ಕಳುಹಿಸುತ್ತಾರೆ, ಕಾರ್ಖಾನೆ ತಪಾಸಣೆಯ (ಆಡಿಟ್) ಶುಲ್ಕವನ್ನೂ ನಾನೇ ಕೊಡಬೇಕು. ನಮ್ಮಲ್ಲಿ ಲೆಕ್ಕಪತ್ರ ನೋಡುವುದು ಒಬ್ಬರೇ. ಇದರಲ್ಲಿ ನ್ಯಾಯ ಎಲ್ಲಿದೆ?

ಉತ್ತರ: ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಕಾನೂನುಗಳು ದೊಡ್ಡ ಕಂಪನಿಗಳ ಮೇಲೆ ಹೊರಿಸಿದ ಹೊಣೆ ಹಾಳೆಗಳ ರೂಪದಲ್ಲಿ ನಿಮ್ಮ ತಲೆಗೆ ಇಳಿಯುತ್ತಿದೆ. ಕಂಪನಿಗಳು ತಮ್ಮ ಪೂರೈಕೆದಾರರ ಮೇಲೂ ನಿಗಾ ಇಡಬೇಕೆನ್ನುವ ಫ್ರಾನ್ಸ್‌ನ 2017ರ ಕಾಯ್ದೆಯಾಗಲಿ, 2023ರಲ್ಲಿ ಜಾರಿಗೆ ಬಂದ ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆಯಾಗಲಿ ಹೊಣೆ ಹೊರಿಸಿರುವುದು ದೊಡ್ಡ ಸಂಸ್ಥೆಗಳ ಮೇಲೆ. ಅಪಾಯವನ್ನು ಗುರುತಿಸಿ ತಡೆಯುವ ಕೆಲಸ ಅವುಗಳದ್ದು. ನಿಮ್ಮಿಂದ ಮಾಹಿತಿ ಕೇಳಬಹುದು, ಹೊಣೆಯನ್ನೇ ನಿಮಗೆ ದಾಟಿಸಲಾಗದು.

ಒಂದೇ ಉತ್ತರಪತ್ರ ಸಿದ್ಧಪಡಿಸಿ, ಎಲ್ಲರಿಗೂ ಅದನ್ನೇ ಕಳುಹಿಸಿ. ಬೇರೆ ಗ್ರಾಹಕರಿಗಾಗಿ ಈಚೆಗೆ ಆಡಿಟ್ ಆಗಿದ್ದರೆ ಆ ವರದಿಯನ್ನೇ ಒಪ್ಪಿಕೊಳ್ಳಲು ಕೇಳಿ. ಶುಲ್ಕ ಹಂಚಿಕೊಳ್ಳಲು ಲಿಖಿತವಾಗಿ ಕೇಳಿ. ಜೊತೆಗೆ ನೀವೂ ಒಂದು ಪ್ರಶ್ನೆ ಹಾಕಿ: ಸುಧಾರಣೆಗೆ ಬಂಡವಾಳ ಹೂಡಿದರೆ ಎಷ್ಟು ವರ್ಷದ ಆದೇಶ ಖಾತ್ರಿ? ಆ ಪ್ರಶ್ನೆಗೆ ಉತ್ತರಿಸದ ಖರೀದಿದಾರರ ಸುಸ್ಥಿರತೆ ಕಾಗದದ ಮೇಲಷ್ಟೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಪ್ರಮಾಣಪತ್ರ ಇರುವ ಕಾರ್ಖಾನೆಗಳಿಂದಲೇ ಕೊಂಡರೆ ಸಾಲದೇ?

ಉತ್ತರ: ಸಾಲದು. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಸಿದ್ಧ ಉಡುಪು ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಎಸ್‌ಎ 8000 ಎಂಬ, ಕಾರ್ಮಿಕರ ಸ್ಥಿತಿಗತಿಗೆ ಸಂಬಂಧಿಸಿದ ಮಾನದಂಡದ ಪ್ರಮಾಣಪತ್ರ ಸಿಕ್ಕಿತ್ತು. ಬೆಂಕಿ ಹಚ್ಚಿದವರ ವಿಚಾರಣೆ ಬೇರೆಯಾಗಿ ನಡೆಯಿತು. ಆದರೆ ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ ಇದ್ದುದರಿಂದ ಅಷ್ಟೊಂದು ಜನ ಹೊರಬರಲಾಗಲಿಲ್ಲ. ಮರುವರ್ಷ ಏಪ್ರಿಲ್ 24ರಂದು ಢಾಕಾ ಬಳಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಪ್ರಾಣ ಕಳೆದುಕೊಂಡರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಕೆಳಗಿನ ಅಂತಸ್ತಿನ ಬ್ಯಾಂಕ್ ತನ್ನ ನೌಕರರನ್ನು ಹೊರಗೆ ಕಳುಹಿಸಿತ್ತು, ಉಡುಪು ಕಾರ್ಮಿಕರನ್ನು ಮಾತ್ರ ಮತ್ತೆ ಒಳಗೆ ಕರೆಸಲಾಯಿತು.

ಆ ದುರಂತದ ನಂತರ ಬ್ರಾಂಡ್‌ಗಳೂ ಕಾರ್ಮಿಕ ಸಂಘಗಳೂ ಮಾಡಿಕೊಂಡ ಸುರಕ್ಷತಾ ಒಪ್ಪಂದವನ್ನು ಖರೀದಿ ವಿಭಾಗದವರೆಲ್ಲ ಓದಬೇಕು. ಅದಕ್ಕೆ ಕಾನೂನಿನ ಬಲವಿತ್ತು, ಪರಿಶೀಲಕರು ಸ್ವತಂತ್ರರಾಗಿದ್ದರು, ವರದಿಗಳು ಬಹಿರಂಗವಾದವು. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟಡವನ್ನು ಸುರಕ್ಷಿತವಾಗಿಡಲು ಕಾರ್ಖಾನೆಗೆ ಹಣ ಸಾಲುವಂತೆ ವ್ಯವಹಾರದ ಷರತ್ತುಗಳನ್ನು ಮಾತಾಡಿಕೊಳ್ಳುವುದು ಖರೀದಿದಾರರ ಕರ್ತವ್ಯ ಎಂದು ಅದು ಬರೆದಿಟ್ಟಿತು. ಆಡಿಟ್ ಬೇಡ ಎನ್ನುತ್ತಿಲ್ಲ. ಆಡಿಟ್ ನೋಡುವುದು ಒಂದೆರಡು ದಿನ, ಕಾರ್ಮಿಕರು ನೋಡುವುದು ಪ್ರತಿದಿನ. ಅವರು ಹೆದರದೆ ದೂರು ಕೊಡುವ ದಾರಿ ಇದೆಯೇ, ಅವರ ಸಂಘಕ್ಕೆ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ನಮ್ಮ ಬಿಡಿಭಾಗಗಳಲ್ಲಿ ತವರ, ಟಂಗ್‌ಸ್ಟನ್ ಇವೆ. ಗಣಿಯವರೆಗೆ ಹೇಗೆ ತಲುಪುವುದು? ಸಂಘರ್ಷಪೀಡಿತ ಪ್ರದೇಶದ ಲೋಹವೇ ಬೇಡ ಎಂದರೆ ಸುಲಭವಲ್ಲವೇ?

ಉತ್ತರ: ಗಣಿಗಳು ಸಾವಿರಾರು, ಲೋಹ ಕರಗಿಸುವ ಘಟಕಗಳು ಕೆಲವೇ. ಸರಪಳಿ ಕಿರಿದಾಗುವ ಜಾಗ ಅದು. ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ಖನಿಜ ಮಾರ್ಗದರ್ಶಿಯೂ ಅಲ್ಲಿಯೇ ಪರಿಶೀಲನೆ ನಡೆಸಲು ಹೇಳುತ್ತದೆ. ನಿಮ್ಮ ಪೂರೈಕೆದಾರರಿಂದ ಆ ಘಟಕಗಳ ಹೆಸರು ಪಡೆಯಿರಿ.

ಒಂದು ಪ್ರದೇಶವನ್ನೇ ತೊರೆಯಬೇಡಿ. ಖನಿಜದ ಹಣ ಸಶಸ್ತ್ರ ಗುಂಪುಗಳಿಗೆ ಸೇರದಂತೆ ತಡೆಯಲು, ಅಮೆರಿಕದ 2010ರ ಡಾಡ್-ಫ್ರಾಂಕ್ ಕಾಯ್ದೆ ಖನಿಜಗಳ ಮೂಲ ತಿಳಿಸಲು ಕಂಪನಿಗಳಿಗೆ ಹೇಳಿತು. ಅನೇಕ ಖರೀದಿದಾರರು ಕಾಂಗೋದ ಪೂರ್ವ ಭಾಗದಿಂದ ಕೊಳ್ಳುವುದನ್ನೇ ನಿಲ್ಲಿಸಿಬಿಟ್ಟರು. ಯಾವ ಸಶಸ್ತ್ರ ಗುಂಪಿಗೂ ಸೇರದ, ಕೈಯಲ್ಲಿ ಅಗೆದು ಬದುಕುತ್ತಿದ್ದವರ ದುಡಿಮೆಗೂ ಕಲ್ಲು ಬಿತ್ತು.

ಪ್ರಶ್ನೆ: ಇಂಗಾಲದ ಲೆಕ್ಕಕ್ಕೆ ಪೂರೈಕೆದಾರರಿಂದ ಅಂಕಿಅಂಶ ಸಿಗುತ್ತಿಲ್ಲ. ಖರ್ಚು ಮಾಡಿದ ಹಣಕ್ಕೆ, ಪ್ರತಿ ರೂಪಾಯಿಗೆ ಇಷ್ಟು ಇಂಗಾಲ ಎಂಬ ಗುಣಾಂಕ ಹಾಕಿ ಲೆಕ್ಕ ಮಾಡಬಹುದೇ?

ಉತ್ತರ: ಎಲ್ಲಿ ಹೆಚ್ಚು ಹೊರಸೂಸುವಿಕೆ ಇದೆ ಎಂದು ಗುರುತಿಸಲು ಮಾತ್ರ ಬಳಸಿ. ಆ ಲೆಕ್ಕದಲ್ಲಿ ದರವನ್ನು ಹಿಂಡಿದರೆ ಹೊರಸೂಸುವಿಕೆ ಇಳಿದಂತೆ ತೋರುತ್ತದೆ, ನ್ಯಾಯವಾದ ಬೆಲೆ ಕೊಟ್ಟರೆ ಏರಿದಂತೆ ತೋರುತ್ತದೆ. ಕುಲುಮೆಯಲ್ಲಿ ಉರಿದ ಇಂಧನ ಎರಡೂ ಸಲ ಅಷ್ಟೇ. ಹೆಚ್ಚು ತೂಕ ಕೊಳ್ಳುವ ಲೋಹ, ಪ್ಲಾಸ್ಟಿಕ್‌ಗಳಿಗಾದರೂ ಟನ್ ಲೆಕ್ಕದ ಅಂಕಿ ಪಡೆಯಿರಿ. ವಿದ್ಯುತ್ ಮತ್ತು ಇಂಧನದ ಬಿಲ್ಲುಗಳಿಂದ ಅದನ್ನು ತೆಗೆಯಲು ನಿಮ್ಮ ಎಂಜಿನಿಯರ್ ಅವರಿಗೆ ನೆರವಾಗಲಿ.

ಪ್ರಶ್ನೆ: ಪೂರೈಕೆದಾರರ ಬಳಿ ವಯಸ್ಸು ತುಂಬದ ಮಕ್ಕಳು ದುಡಿಯುತ್ತಿರುವುದು ಕಂಡರೆ ಕೂಡಲೇ ವ್ಯವಹಾರ ಮುರಿಯಬೇಕಲ್ಲವೇ?

ಉತ್ತರ: ಮಗುವನ್ನು ಅಪಾಯದ ಕೆಲಸದಿಂದ ಅದೇ ಗಳಿಗೆಯಲ್ಲಿ ದೂರ ಮಾಡಿ. ವ್ಯವಹಾರವನ್ನು ಮಾತ್ರ ಆತುರದಲ್ಲಿ ಮುರಿಯಬೇಡಿ. ಬಾಲಕಾರ್ಮಿಕರು ಮಾಡಿದ ಸರಕಿನ ಆಮದನ್ನು ನಿಷೇಧಿಸುವ ಮಸೂದೆ 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬಂದಾಗ, ಬಾಂಗ್ಲಾದೇಶದ ಉಡುಪು ಕಾರ್ಖಾನೆಗಳು ಹೆದರಿ ಸಾವಿರಾರು ಮಕ್ಕಳನ್ನು ಹೊರಹಾಕಿದವು. ಅವರಲ್ಲಿ ಅನೇಕರು ಕಲ್ಲು ಒಡೆಯುವಂತಹ ಇನ್ನೂ ಕೆಟ್ಟ ಕೆಲಸಗಳಿಗೆ ಸೇರಿದ್ದನ್ನು ಯುನಿಸೆಫ್ ದಾಖಲಿಸಿತು. ಮಕ್ಕಳನ್ನು ಶಾಲೆಗೆ ಸೇರಿಸಿ ಮಾಸಿಕ ಭತ್ಯೆ ಕೊಡುವ ಒಪ್ಪಂದ 1995ರಲ್ಲಿ ಆಯಿತು. ಶಾಲೆ, ಭತ್ಯೆ, ಸಾಧ್ಯವಾದರೆ ಅದೇ ಮನೆಯ ವಯಸ್ಕರೊಬ್ಬರಿಗೆ ಉದ್ಯೋಗ: ಈ ಮೂರನ್ನೂ ಒಟ್ಟಿಗೆ ಮಾಡಿ, ಖರ್ಚಿನಲ್ಲಿ ನೀವೂ ಪಾಲು ಹಾಕಿ. ಮುಚ್ಚಿಡುತ್ತಾ ಹೋಗುವ, ತಿದ್ದಿಕೊಳ್ಳಲು ಒಪ್ಪದ ಪೂರೈಕೆದಾರರನ್ನು ಆಮೇಲೆ ಬಿಡಿ.

ಪ್ರಶ್ನೆ (ಮೊದಲ ಸದಸ್ಯರು): ಕೊನೆಯದಾಗಿ ಮೇಡಂ, ಸಂಹಿತೆಯಲ್ಲಿ ಏನು ಸೇರಿಸಲಿ?

ಉತ್ತರ: ನಿಮ್ಮ ಕಂಪನಿಯ ಕರ್ತವ್ಯಗಳ ಒಂದು ಅಧ್ಯಾಯ. ಪಾವತಿಯ ದಿನ ಮತ್ತು ತಡವಾದರೆ ಬಡ್ಡಿ, ವಿನ್ಯಾಸ ಬದಲಾದರೆ ಹೊಸ ಗಡುವು ಮತ್ತು ಹೊಸ ಬೆಲೆ, ಆದೇಶ ರದ್ದಾದರೆ ಅದುವರೆಗಿನ ಕೆಲಸಕ್ಕೂ ತಂದ ಕಚ್ಚಾವಸ್ತುವಿಗೂ ಪೂರ್ತಿ ಹಣ. ಸುಸ್ಥಿರ ಖರೀದಿಗೆ ಐಎಸ್‌ಒ 20400 ಎಂಬ 2017ರ ಮಾನದಂಡವಿದೆ. ಅದು ಮಾರ್ಗದರ್ಶಿ ಮಾತ್ರ, ಪ್ರಮಾಣೀಕರಣಕ್ಕಾಗಿ ರೂಪಿಸಿದ್ದಲ್ಲ, ಆದರೆ ಕರಡು ಬರೆಯಲು ಒಳ್ಳೆಯ ಆಧಾರ. ಸಂಬಂಧ ಮುಗಿಸುವ ವಿಧಾನವನ್ನೂ ಬರೆಯಿರಿ: ಎಷ್ಟು ತಿಂಗಳ ಮುನ್ಸೂಚನೆ, ನಿಮಗಾಗಿಯೇ ಮಾಡಿಸಿದ ಡೈಗಳ (ಅಚ್ಚುಗಳ) ಬಾಕಿ ವೆಚ್ಚ ಯಾರದ್ದು, ಕೆಲಸ ಕಳೆದುಕೊಳ್ಳುವ ಕಾರ್ಮಿಕರ ಬಾಕಿ ಸಂಬಳ ಸಂದಾಯವಾಯಿತೇ ಎಂದು ಯಾರು ಖಚಿತಪಡಿಸಿಕೊಳ್ಳುತ್ತಾರೆ. ಕರಡು ಸಿದ್ಧವಾದ ಮೇಲೆ ಮೂರ್ನಾಲ್ಕು ಸಣ್ಣ ಪೂರೈಕೆದಾರರಿಗೆ ಕಳುಹಿಸಿ, ಅವರ ತಿದ್ದುಪಡಿಗಳೊಂದಿಗೆ ಮಂಡಳಿಯ ಮುಂದಿಡಿ.