ಮಗಂಗೆ ಮೊದಲ್ನೇ ಚಾಕು, ಯಾವ್ದು ಕೊಡ್ಸೋದು?

ಪ್ರಶ್ನೆ: ಮಗಂಗೆ 10 ತುಂಬ್ತು, ಚಿಕ್ಕ ಮಕ್ಳ ಕಬ್ಸ್ ಗುಂಪಿಂದ ಸ್ಕೌಟ್ಸ್‌ಗೆ ಬಂದಿದಾನೆ, ಕ್ಯಾಂಪ್‌ಗೆ ಚಾಕು ಬೇಕು ಅಂತ ಒಂದೇ ಹಠ. ನಾವಿರೋದು ಮೈಸೂರು ಕುವೆಂಪುನಗರ. ಮಡಚೋ ಚಾಕು ಕೊಡ್ಸ್ಲಾ, ಇನ್ನೆರಡು ವರ್ಷ ತಡೀಲಾ? ಅವರಮ್ಮ ಅಂತೂ ಸುತರಾಂ ಬೇಡ ಅಂತಾಳೆ.

ಉತ್ತರ 1: ನಮ್ ಮಂಡ್ಯ ಕಡೆ ಆ ವಯಸ್ಗೆ ಕುಡ್ಲು ಹಿಡ್ದು ಕಬ್ಬಿನ ಸೋಗೆ ಸವರ್ತವೆ ಹುಡುಗ್ರು, ಒಂದ್ ಚಾಕುಗೆ ಇಷ್ಟ್ ಯೋಚ್ನೆನಾ ಕಣಣ್ಣ 😄

ಉತ್ತರ 2: ಕುಡ್ಲು ಬೇರೆ ಮಡಚೋ ಚಾಕು ಬೇರೆ ಸಾರ್, ಲಾಕ್ ಇಲ್ದಿದ್ರೆ ಚುಚ್ಚಿ ಒತ್ತಿದಾಗ ಬೆರಳ ಮೇಲೇ ಮಡಚ್ಕೊಳತ್ತೆ. ಒಪಿನೆಲ್ ಅನ್ನೋ ಫ್ರೆಂಚ್ ಕಂಪ್ನಿ ಮಡಚೋ ಚಾಕು ಇದೆ, ಅದ್ರಲ್ಲಿ ನಂ. 7 ದುಂಡು ತುದಿದು ನೋಡಿ, ಬ್ಲೇಡ್ 8 ಸೆಂ.ಮೀ., ತಿರುಗ್ಸೋ ರಿಂಗೇ ಲಾಕು. ಮೊಂಡು ಚಾಕು ಸೇಫು ಅನ್ಕೊಂಡು ಅಡುಗೆಮನೆ ಹಳೇದು ಕೊಡ್ಬೇಡಿ, ಮಕ್ಳು ಜೋರಾಗಿ ಒತ್ತಿ ಅದು ಜಾರೋದು ಕೈಗೇ. ಕೂತ್ಕೊಂಡೇ ಕೆತ್ಬೇಕು, ಮೈಯಿಂದ ಆಚೆಗೆ, ಚಾಚಿದ ಕೈಗೆ ಸುತ್ತ ಯಾರೂ ತಗಲ್ಬಾರ್ದು. ತೊಡೆ ಮಧ್ಯೆ ಇಟ್ಕೊಂಡು ಕೆತ್ತೋಕೆ ಮಾತ್ರ ಬಿಡ್ಲೇಬೇಡಿ, ಅಲ್ಲಿ ದೊಡ್ಡ ರಕ್ತನಾಳ ಇದೆ.

ಉತ್ತರ 3: ಮೊದ್ಲು ಸ್ಕೌಟ್ ಮಾಸ್ಟರ್‌ನ ಕೇಳಿ. ಸ್ಕೂಲ್ ಬ್ಯಾಗಲ್ಲಂತೂ ಹೋಗ್ಬಾರ್ದು. ನನ್ ಮಗಳಿಗೆ ಹುರುಳಿಕಾಯಿ ಹೆಚ್ಚೋಕೆ ಬಿಟ್ಟು ಶುರು ಮಾಡಿದ್ದು, ಪಲ್ಯಕ್ಕೆ ಒಂದೊಂದ್ ತುಂಡು ಒಂದೊಂದ್ ಸೈಜು, ಆದ್ರೂ ಬೆರಳು ಮಡಚಿ ಹಿಡಿಯೋದು ಬಂತು.

ಪ್ರಶ್ನೆ ಕೇಳಿದವರು: ಹುರುಳಿಕಾಯಿ ಐಡಿಯಾಗೆ ಅವರಮ್ಮ ಒಪ್ಪಿದ್ಲು ಮೇಡಂ, ಲಾಕ್ ಇರೋದೇ ಹುಡುಕ್ತೀನಿ.