ಮೂರೂವರೆ ತಿಂಗಳ ಕೂಸು: ಎರೆಯುವುದು ಬೆಳಿಗ್ಗೆಯಾ, ಸಂಜೆಯಾ?

ಪುಟ್ಟಿ_ಅಮ್ಮ:
ಮಗಳಿಗೆ ಮೂರೂವರೆ ತಿಂಗಳು. ಹದಿನಾಲ್ಕನೇ ವಾರದ ಇಂಜೆಕ್ಷನ್ ಮೊನ್ನೆ ಆಯ್ತು. ಇಷ್ಟು ದಿನ ತೀರ್ಥಹಳ್ಳಿಯಲ್ಲಿ ಅಮ್ಮನ ಮನೆಯಲ್ಲಿದ್ದೆ. ಬೆಳಿಗ್ಗೆ ಹತ್ತಕ್ಕೆ ಅಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆಯುತ್ತಿದ್ದರು. ಆಮೇಲೆ ಮೂರು ಗಂಟೆ ನಿದ್ದೆ. ಈಗ ಬೆಂಗಳೂರಿಗೆ ಬಂದಿದ್ದೇವೆ. ನಾನು, ಗಂಡ, ಒಂದು ಬಕೆಟ್, ಹತ್ತು ನಿಮಿಷಕ್ಕೆ ತಣ್ಣಗಾಗುವ ಗೀಸರ್. ಬೆಳಿಗ್ಗೆ ಆಗುತ್ತಲೇ ಇಲ್ಲ. ಎರಡೇ ಪ್ರಶ್ನೆ. ಸಂಜೆ ಸ್ನಾನ ಮಾಡಿಸಬಹುದಾ? ಇವಳಿನ್ನೂ ಮಗುಚಿಕೊಂಡಿಲ್ಲ, ಚಿಂತೆ ಮಾಡಬೇಕಾ? ಪಕ್ಕದ ಮನೆ ಕೂಸು ಮೂರು ತಿಂಗಳಿಗೇ ಮಗುಚಿತಂತೆ.

ಹುಬ್ಬಳ್ಳಿ_ಅಕ್ಕ:
ಪಕ್ಕದ ಮನೆ ಕೂಸನ್ನು ಅದರ ಪಾಡಿಗೆ ಬಿಡ್ರಿ. ಬೋರಲು ಬೀಳುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳೊಳಗೆ. ಈಗ ನೋಡಬೇಕಾದದ್ದು ಬೇರೆ. ಬೋರಲು ಮಲಗಿಸಿದರೆ ತಲೆ ಎತ್ತುತ್ತಾಳಾ? ಮುಖ ನೋಡಿ ನಗುತ್ತಾಳಾ? ಎಚ್ಚರ ಇದ್ದಾಗ ಚಾಪೆ ಮೇಲೆ ಎರಡು ಮೂರು ನಿಮಿಷದ ಹಾಗೆ ದಿನಕ್ಕೆ ನಾಲ್ಕೈದು ಸಲ ಬೋರಲು ಹಾಕಿ, ಎದುರಿಗೆ ನೀವೂ ಮಲಗಿ ಮಾತಾಡಿಸಿ. ನಿದ್ದೆಗೆ ಮಾತ್ರ ಅಂಗಾತ. ಮೂರನೇ ತಿಂಗಳಿಗೆ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು, ಬಂದಿದ್ದರಾ? ತಾಯಿ ಕಾರ್ಡಿನಲ್ಲಿ ತೂಕ ಬರೆಸಿದ್ದೀರಾ?

ಶಿರಸಿ_ಅಜ್ಜ: (ತಿದ್ದಲಾಗಿದೆ)
ಎರೆಯುವುದು ಬೆಳಿಗ್ಗೆಯೇ. ಅದರಲ್ಲಿ ಚರ್ಚೆ ಏನಿದೆ? ಮಗಳೇ, ಸ್ನಾನಕ್ಕಿಂತ ಮುಖ್ಯ ಬಜೆ. ಆಗೊಮ್ಮೆ ಈಗೊಮ್ಮೆ ಬಜೆ ಬೇರನ್ನು ದೀಪದಲ್ಲಿ ಸುಟ್ಟು, ಎದೆಹಾಲು ಹಾಕಿ ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ನಾಲಿಗೆಗೆ ಸವರು. ಮಾತು ಬೇಗ ಬರುತ್ತದೆ. ಹೊಟ್ಟೆನೋವು ಹತ್ತಿರ ಸುಳಿಯುವುದಿಲ್ಲ. ನಮ್ಮ ಮನೆಯ ಹನ್ನೊಂದು ಮಕ್ಕಳಿಗೂ ಇದನ್ನೇ ಮಾಡಿದ್ದು.

ಫಾರ್ಮಸಿ_ಮೇಷ್ಟ್ರು:
"ದಿನಾ ಬೆಳಿಗ್ಗೆ ಸವರು" ಅಂದಿರಲ್ಲ ಅಜ್ಜಾ, ಅಷ್ಟು ಧೈರ್ಯ ಎಲ್ಲಿಂದ ಬಂತು? ಬಜೆಯಲ್ಲಿ ಬೀಟಾ ಅಸರೋನ್ ಅನ್ನುವ ಅಂಶ ಇದೆ. ಇಲಿಗಳಿಗೆ ಬಜೆ ಎಣ್ಣೆ ತಿನ್ನಿಸಿದಾಗ ಕರುಳಿನಲ್ಲಿ ಗಡ್ಡೆ ಬಂದವು. ಅಮೆರಿಕದಲ್ಲಿ ಬಜೆಯನ್ನು ಆಹಾರಕ್ಕೆ ಬೆರೆಸಬಾರದು ಎಂದು 1968ರಲ್ಲೇ ನಿಷೇಧ ಆಗಿದೆ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಏನೂ ಬೇಡ. ನೀರು ಕೂಡ ಬೇಡ.

ಶಿರಸಿ_ಅಜ್ಜ:
ಇಲಿಗಳಿಗೆ! ನನ್ನ ಮೊಮ್ಮಕ್ಕಳಿಗೆ ಬಾಲ ಇಲ್ಲ ಮಾರಾಯರೇ.

ಕೊರಟಗೆರೆ_ಹುಡುಗ:
ಅಮೆರಿಕದವರಿಗೆ ಬಜೆ ಏನು ಗೊತ್ತು? ನಮ್ಮ ಕೊರಟಗೆರೆ ಕಡೆ ಗದ್ದೆಯಲ್ಲಿ ನೀರು ನಿಲ್ಲಿಸಿ ಬಜೆ ಬೆಳೆಯುತ್ತಾರೆ. ಬಂದು ನೋಡಿ. ಅವರ ಬಜೆಯೇ ಬೇರೆ, ನಮ್ಮದೇ ಬೇರೆ.

ಫಾರ್ಮಸಿ_ಮೇಷ್ಟ್ರು:
"ನಮ್ಮದೇ ಬೇರೆ" ಅನ್ನುವುದು ನೂರಕ್ಕೆ ನೂರು ನಿಜ. ತೊಂದರೆ ಇರುವುದೂ ಅಲ್ಲೇ. ಅಮೆರಿಕದ ಬಜೆಯಲ್ಲಿ ಆ ಅಸರೋನ್ ಇಲ್ಲ. ಯುರೋಪಿನದರಲ್ಲಿ ಸ್ವಲ್ಪ ಇದೆ. ನಮ್ಮ ದೇಶದ್ದರಲ್ಲೇ ಎಲ್ಲಕ್ಕಿಂತ ಜಾಸ್ತಿ. ಇಲಿಗೆ ತಿನ್ನಿಸಿದ್ದೂ ಜಮ್ಮು ಬಜೆಯ ಎಣ್ಣೆಯೇ.

ಕೊರಟಗೆರೆ_ಹುಡುಗ:
ಜಮ್ಮು ಎಲ್ಲಿ, ಕೊರಟಗೆರೆ ಎಲ್ಲಿ. ಅಲ್ಲಿಯ ಚಳಿ ಏನು, ನಮ್ಮ ಬಿಸಿಲು ಏನು.

ರಾತ್ರಿಪಾಳಿ_ಅಪ್ಪ:
ನಾನೂ ಬಜೆ ಬೇಡ ಅನ್ನುವವನೇ. ಆದರೆ ಮೇಷ್ಟ್ರೇ, ತಿಂಗಳುಗಟ್ಟಲೆ ಎಣ್ಣೆ ತಿನ್ನಿಸುವುದೂ ನಾಲಿಗೆ ತುದಿಗೆ ಒಂದು ಹನಿ ಸವರುವುದೂ ಒಂದೇನಾ? ಅಷ್ಟಾದರೂ ಬಿಡಿಸಿ ಹೇಳಿ.

ಫಾರ್ಮಸಿ_ಮೇಷ್ಟ್ರು:
"ಒಂದು ಹನಿ" ಅಂದರೆ ಎಷ್ಟು? ಎರಡು ಸುತ್ತು ಅಂದರೆ ಎಷ್ಟು ಮಿಲಿಗ್ರಾಂ? ತೇಯುವ ಕಲ್ಲಿನ ಮೇಲೆ ಅಳತೆ ಗೀಟು ಇದೆಯಾ? ಆರೂವರೆ ಕೆಜಿ ತೂಗುವ ಜೀವದ ಮೇಲೆ ಅಂದಾಜಿನ ವ್ಯವಹಾರ ಬೇಡ ಅನ್ನುತ್ತಿದ್ದೇನೆ.

ಪುಟ್ಟಿ_ಅಮ್ಮ:
ಐದೂ ಮುಕ್ಕಾಲು ಕೆಜಿ. ಮತ್ತೆ ನಮ್ಮ ಮನೆಯಲ್ಲಿ ಬಜೆ ಇಲ್ಲವೇ ಇಲ್ಲ. ನಾನು ಕೇಳಿದ್ದು ಸ್ನಾನದ ಬಗ್ಗೆ.

ಶಿರಸಿ_ಅಜ್ಜ:
ಇಲ್ಲವಾ? ಗ್ರಂದಿಗೆ ಅಂಗಡಿಯಲ್ಲಿ ಕೇಳು ಮಗಳೇ, ಕೊಡುತ್ತಾರೆ. ಮೇಷ್ಟ್ರೇ, ಅಳತೆ ನಮ್ಮ ಅಜ್ಜಿಯ ಬೆರಳಲ್ಲಿತ್ತು. ಕಾಶ್ಯಪ ಸಂಹಿತೆಯಲ್ಲಿ ಮಕ್ಕಳಿಗೆ ನೆಕ್ಕಿಸುವುದಕ್ಕೆಂದೇ ಒಂದು ಅಧ್ಯಾಯ ಇದೆ. ನಿಮ್ಮ ಇಲಿ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಬರೆದದ್ದು.

ಉಡುಪಿ_ಬಿಎಎಂಎಸ್:
ನಾನು ಆಯುರ್ವೇದ ಕೊನೆ ವರ್ಷದಲ್ಲಿದ್ದೇನೆ. ಅದೇ ಅಧ್ಯಾಯದಲ್ಲಿ ಯಾವ ಮಕ್ಕಳಿಗೆ ನೆಕ್ಕಿಸಬಾರದು ಎಂಬ ಉದ್ದ ಪಟ್ಟಿಯೂ ಇದೆ. ಅದನ್ನು ಯಾರೂ ಹೇಳುವುದಿಲ್ಲ. ಬಜೆಯನ್ನು ಶುದ್ಧಿ ಮಾಡದೆ ಬಳಸಬಾರದು ಎಂದು ನಮಗೆ ಪಾಠದಲ್ಲಿ ಹೇಳುತ್ತಾರೆ. ದೀಪದಲ್ಲಿ ಸುಟ್ಟ ಮಾತ್ರಕ್ಕೆ ಶುದ್ಧಿ ಆಗುವುದಿಲ್ಲ.

ಶಿರಸಿ_ಅಜ್ಜ:
"ಕೊನೆ ವರ್ಷ" ಅಂದೆಯಲ್ಲ ತಂಗಿ. ಅದು ಮುಗಿಯಲಿ, ಆಮೇಲೆ ಮಾತಾಡೋಣ.

ಉಡುಪಿ_ಬಿಎಎಂಎಸ್:
ಪುಸ್ತಕ ನೀವು ಎತ್ತಿದರೆ ಶಾಸ್ತ್ರ, ನಾನು ಎತ್ತಿದರೆ ಚಿಕ್ಕ ಹುಡುಗಿ. ಇದೇ ಮಾತನ್ನು ಒಬ್ಬ ಹುಡುಗ ಹೇಳಿದ್ದರೆ "ಭೇಷ್" ಅನ್ನುತ್ತಿದ್ದಿರಿ. ಆ ಅಧ್ಯಾಯ ನೀವು ಓದಿದ್ದೀರಾ, ಇಲ್ಲ ವಾಟ್ಸಾಪಿನಲ್ಲಿ ಬಂದದ್ದಾ?

ಕೊರಟಗೆರೆ_ಹುಡುಗ:
ದೊಡ್ಡವರ ಹತ್ತಿರ ಹೀಗೆ ಮಾತಾಡುವುದಾ? ಈಗಿನ ಕಾಲೇಜಿನಲ್ಲಿ ಇದನ್ನೇ ಕಲಿಸುವುದು ಅನಿಸುತ್ತದೆ.

ಹುಬ್ಬಳ್ಳಿ_ಅಕ್ಕ:
ವಾಟ್ಸಾಪ್ ಬಿಡ್ರಿ. ಬಜೆ ತುಂಡು ಪೋಣಿಸಿ ಕೈಗೆ ಕಟ್ಟುತ್ತಾರಲ್ಲ, ಅದರ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ? ನನ್ನ ಎರಡನೇ ಮಗ ನಾಲ್ಕನೇ ತಿಂಗಳಲ್ಲಿ ಆ ದಾರ ಕಚ್ಚಿ ಕಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದ. ಬೆರಳು ಹಾಕಿ ತೆಗೆಯುವ ಹೊತ್ತಿಗೆ ನನ್ನ ಜೀವ ಹೋಗಿ ಬಂತು. ಈ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ.

ಕೊರಟಗೆರೆ_ಹುಡುಗ:
"ಬೆರಳು ಹಾಕಿ ತೆಗೆದೆ" ಅನ್ನುತ್ತೀರಿ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಬಾರದು, ಇನ್ನೂ ಒಳಗೆ ಹೋಗುತ್ತದೆ. ಮೂರು ಮಕ್ಕಳ ತಾಯಿ ಆಗಿ ಅಷ್ಟೂ ಗೊತ್ತಿಲ್ವಾ?

ಹುಬ್ಬಳ್ಳಿ_ಅಕ್ಕ:
ಕಾಣುತ್ತಿತ್ತು ತಮ್ಮಾ. ನಾಲಿಗೆ ಮೇಲೇ ಇತ್ತು. ನಿನಗೆ ಮಕ್ಕಳೆಷ್ಟು?

ಕೊರಟಗೆರೆ_ಹುಡುಗ:
ಅದು ಇಲ್ಲಿ ಮುಖ್ಯ ಅಲ್ಲ. ನಿಮ್ಮ "ನಾಲ್ಕರಿಂದ ಆರು ತಿಂಗಳು" ಕೂಡ ಯಾವುದೋ ವಿದೇಶಿ ಮಕ್ಕಳ ಲೆಕ್ಕ. ನಮ್ಮ ಮಕ್ಕಳು ಎಣ್ಣೆ ನೀರು ಕಂಡವು, ಬೇಗ ಮಗುಚುತ್ತವೆ.

ರಾತ್ರಿಪಾಳಿ_ಅಪ್ಪ:
ವಿದೇಶಿ ಅನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕಕ್ಕೆ ಐದು ದೇಶದ ಮಕ್ಕಳನ್ನು ನೋಡಿದ್ದರು, ಅದರಲ್ಲಿ ಭಾರತವೂ ಇತ್ತು. ಆಸರೆ ಇಲ್ಲದೆ ಕೂರುವುದು 3.8ರಿಂದ 9.2 ತಿಂಗಳು. ಒಂಟಿಯಾಗಿ ನಡೆಯುವುದು 8.2ರಿಂದ 17.6. ಎಷ್ಟು ಅಗಲ ಇದೆ ನೋಡಿ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡದೆ ನಡೆದುಬಿಟ್ಟಿದ್ದವು. ಮೂರೂವರೆ ತಿಂಗಳಿಗೆ ಮಗುಚಿಲ್ಲ ಅಂತ ತಾಯಿ ನಿದ್ದೆಗೆಡುವ ಕಾರಣವೇ ಇಲ್ಲ.

ಫಾರ್ಮಸಿ_ಮೇಷ್ಟ್ರು:
ಒಂದು ತಿದ್ದುಪಡಿ. ಆ ಪಟ್ಟಿಯಲ್ಲಿ ಮಗುಚುವುದು ಇಲ್ಲವೇ ಇಲ್ಲ. ಕೂರುವುದು, ಅಂಬೆಗಾಲು, ನಿಲ್ಲುವುದು, ನಡೆಯುವುದು ಇಂಥವೇ ಆರು.

ಕೊರಟಗೆರೆ_ಹುಡುಗ:
ಹ್ಹ. ನಿಮ್ಮವರೇ ನಿಮ್ಮ ಗಾಳಿಪಟ ಕತ್ತರಿಸಿದರು. ಭಾರತ ಅಂದರೆ ಎಲ್ಲಿ? ದಕ್ಷಿಣ ದೆಹಲಿ. ಅನುಕೂಲಸ್ಥರ ಮನೆಯ ಮಕ್ಕಳು.

ರಾತ್ರಿಪಾಳಿ_ಅಪ್ಪ:
ಎಣ್ಣೆ ತಿಕ್ಕುವುದರ ಬಗ್ಗೆಯೂ ದೆಹಲಿಯಲ್ಲೇ ನೋಡಿದ್ದಾರೆ, 2000ರಲ್ಲಿ ಬಂತು. ಆರು ವಾರದ ಕೂಸುಗಳಿಗೆ ನಾಲ್ಕು ವಾರ ತಿಕ್ಕಿದರು. ಎಳ್ಳೆಣ್ಣೆಯದು ಒಳ್ಳೆ ಫಲ, ತಿಕ್ಕಿದ ಮೇಲೆ ನಿದ್ದೆಯೂ ಚೆನ್ನಾಗಿ ಬಂತು. ಆ ದೆಹಲಿಯಾದರೆ ನಿಮಗೆ ಆಗುತ್ತದಾ?

ಶಿರಸಿ_ಅಜ್ಜ:
ಎಳ್ಳೆಣ್ಣೆ ಉಷ್ಣ. ಕೂಸಿಗೆ ಕೊಬ್ಬರಿ ಎಣ್ಣೆ. ಅದಿರಲಿ, ಮೇಷ್ಟ್ರಿಗೆ ಒಂದು ಪ್ರಶ್ನೆ ಬಾಕಿ ಇದೆ. "ಎದೆಹಾಲು ಬಿಟ್ಟು ಏನೂ ಬೇಡ, ನೀರು ಕೂಡ ಬೇಡ" ಅಂದಿರಿ. ಹಾಗಾದರೆ ಡಾಕ್ಟರು ಹುಟ್ಟಿದ ವಾರದಿಂದಲೇ ದಿನಾ ವಿಟಮಿನ್ ಡಿ ಹನಿ ಬಾಯಿಗೆ ಬಿಡಿ ಅನ್ನುತ್ತಾರಲ್ಲ, ಅದೇನು ಎದೆಹಾಲಾ?

ಫಾರ್ಮಸಿ_ಮೇಷ್ಟ್ರು:
ವಿಟಮಿನ್ ಹನಿ ಮತ್ತು ಡಾಕ್ಟರು ಬರೆದ ಔಷಧಿಗೆ ಆ ನಿಯಮದಲ್ಲೇ ಅವಕಾಶ ಇದೆ. ಹನಿಯಲ್ಲಿ 400 ಯೂನಿಟ್ ಅಂದರೆ 400 ಯೂನಿಟ್, ಡಬ್ಬಿ ಮೇಲೆ ಬರೆದಿರುತ್ತದೆ.

ಶಿರಸಿ_ಅಜ್ಜ:
"ಔಷಧಿಗೆ ಅವಕಾಶ ಇದೆ." ಬಜೆಯೂ ಔಷಧಿಯೇ. ಮುಗಿಯಿತಲ್ಲ.

ಫಾರ್ಮಸಿ_ಮೇಷ್ಟ್ರು:
ಯಾವ ಕಾಯಿಲೆಗೆ ಔಷಧಿ? ಮಾತು ಬರದೆ ಇರುವುದು ಮೂರೂವರೆ ತಿಂಗಳಿಗೆ ಕಾಯಿಲೆ ಅಲ್ಲ.

ಹುಬ್ಬಳ್ಳಿ_ಅಕ್ಕ:
ಮಾತು ಬರುವುದು ಮಾತಾಡಿಸುವುದರಿಂದ. ಬಟ್ಟೆ ಮಡಚುವಾಗಲೂ "ಇದು ನಿನ್ನ ಕುಲಾವಿ, ಇದು ಅಪ್ಪನ ಅಂಗಿ" ಅನ್ನುತ್ತಿರಿ. ಅವಳು "ಆ" ಅಂದರೆ ನೀವೂ "ಆ" ಅಂದು ಸ್ವಲ್ಪ ಸುಮ್ಮನಿರಿ. ಮತ್ತೆ ಅವಳ ಸರದಿ. ಬಜೆಗೆ ಹಾಕುವ ಹೊತ್ತನ್ನು ಇದಕ್ಕೆ ಹಾಕಿ.

ಶಿರಸಿ_ಅಜ್ಜ:
ಬಜೆಗೆ ಹೊತ್ತು ಎಷ್ಟು ಬೇಕು? ನಾನೇನು ದಿನಾ ತೇಯಿರಿ ಅಂದಿದ್ದೆನಾ? ಆಗೊಮ್ಮೆ ಈಗೊಮ್ಮೆ ಅಂದೆ.

ಫಾರ್ಮಸಿ_ಮೇಷ್ಟ್ರು:
ಅಜ್ಜಾ, ನೀವು ಬರೆದದ್ದು "ದಿನಾ ಬೆಳಿಗ್ಗೆ". ನಾನು ಆಗಲೇ ಎತ್ತಿ ಹಾಕಿದ್ದೇನೆ, ಮೇಲೆ ನೋಡಿ. ಆಮೇಲೆ ತಿದ್ದಿದ್ದೀರಿ. "ತಿದ್ದಲಾಗಿದೆ" ಅಂತ ಅಲ್ಲೇ ಕಾಣುತ್ತದೆ.

ಶಿರಸಿ_ಅಜ್ಜ:
ಕಾಗುಣಿತ ತಪ್ಪಿತ್ತು, ತಿದ್ದಿದೆ.

ಉಡುಪಿ_ಬಿಎಎಂಎಸ್:
"ದಿನಾ ಬೆಳಿಗ್ಗೆ" ಅನ್ನುವುದರ ಕಾಗುಣಿತ "ಆಗೊಮ್ಮೆ ಈಗೊಮ್ಮೆ" ಅಂತ ನನಗೆ ಗೊತ್ತಿರಲಿಲ್ಲ. ಓದು ಮುಗಿದಿಲ್ಲ ನೋಡಿ.

ಪುಟ್ಟಿ_ಅಮ್ಮ:
ದಯವಿಟ್ಟು ಯಾರಾದರೂ ಸಂಜೆ ಆಗುತ್ತದಾ ಇಲ್ಲವಾ ಹೇಳಿ. ಒಂದು ಸಾಲು ಸಾಕು.

ರಾತ್ರಿಪಾಳಿ_ಅಪ್ಪ:
ಆಗುತ್ತದೆ ತಂಗಿ. ನಮ್ಮನೆಯಲ್ಲಿ ಎಂಟು ತಿಂಗಳಿಂದ ಸಂಜೆಯೇ, ನಾನು ಪಾಳಿಗೆ ಹೊರಡುವ ಮುಂಚೆ. ಹಾಲು ಕುಡಿದು ಅರ್ಧ ಮುಕ್ಕಾಲು ಗಂಟೆ ಆಗಿರಲಿ. ಫ್ಯಾನ್ ಆರಿಸಿ. ಟವೆಲ್, ಅಂಗಿ, ಲಂಗೋಟಿ ಮೊದಲೇ ಮಂಚದ ಮೇಲೆ ಹರವಿಡಿ, ಒದ್ದೆ ಕೂಸನ್ನು ಎತ್ತಿಕೊಂಡು ಹುಡುಕಬೇಡಿ. ನೀರಿಗೆ ಮೊಣಕೈ ಅದ್ದಿ ನೋಡಿ, ಹದವಾಗಿ ಬೆಚ್ಚಗಿದ್ದರೆ ಸಾಕು. ಅಮ್ಮಂದಿರು ಹುಯ್ಯುವಷ್ಟು ಬಿಸಿ ಬೇಡ. ನಿಮ್ಮ ಗೀಸರಿನ ಹತ್ತು ನಿಮಿಷವೇ ಜಾಸ್ತಿ, ಐದು ನಿಮಿಷದ ಕೆಲಸ. ಮೂಗಿಗೆ ಕಿವಿಗೆ ಎಣ್ಣೆ ಬಿಡಬೇಡಿ, ಊದಬೇಡಿ. ಫ್ಲಾಟ್ ಕಿಟಕಿ ಮುಚ್ಚಿ ಸಾಂಬ್ರಾಣಿ ಹೊಗೆ ಹಾಕಬೇಡಿ. ದಿನಾ ಒಂದೇ ಹೊತ್ತಿಗೆ ಮಾಡಿ, ಆಮೇಲೆ ಹಾಲು, ಮಂದ ದೀಪ, ನಿದ್ದೆ. ಒಂದು ವಾರ ಕೊಡಿ.

ಕೊರಟಗೆರೆ_ಹುಡುಗ:
"ಸಾಂಬ್ರಾಣಿ ಹಾಕಬೇಡಿ." ಅದನ್ನೂ ಬಿಡಿಸಿದಿರಾ. ಸೊಳ್ಳೆ ಬತ್ತಿ ಹೊಗೆ ಆಗುತ್ತದೆ, ಸಾಂಬ್ರಾಣಿ ಆಗಲ್ಲ.

ರಾತ್ರಿಪಾಳಿ_ಅಪ್ಪ:
ಸೊಳ್ಳೆ ಬತ್ತಿ ಹಚ್ಚಿ ಅಂತ ನಾನೆಲ್ಲಿ ಅಂದೆ? ಸೊಳ್ಳೆ ಪರದೆ ಕಟ್ಟಿ.

ಪುಟ್ಟಿ_ಅಮ್ಮ:
ನಿನ್ನೆ ಸಂಜೆ ಆರಕ್ಕೆ ಎರೆದೆವು. ಗಂಡ ನೀರು ಹುಯ್ದರು, ನಾನು ಹಿಡಿದುಕೊಂಡೆ. ಅವಳಿಗಿಂತ ನಾವೇ ಜಾಸ್ತಿ ನೆನೆದೆವು. ಏಳೂವರೆಗೆ ಮಲಗಿದವಳು ಹನ್ನೊಂದೂವರೆಗೆ ಎದ್ದಳು. ಆಶಾ ಇನ್ನೂ ಬಂದಿಲ್ಲ ಅಕ್ಕಾ, ಅಂಗನವಾಡಿಯಲ್ಲಿ ವಿಚಾರಿಸುತ್ತೇನೆ. ರಾತ್ರಿಪಾಳಿ ಅಣ್ಣ, ಥ್ಯಾಂಕ್ಸ್.

ಶಿರಸಿ_ಅಜ್ಜ:
ಸಂಜೆ ಎರೆದೆಯಾ? ಶೀತ ಆದರೆ ಬಜೆ ತೇಯ್ದು ನೆತ್ತಿಗೆ ಹಚ್ಚು ಮಗಳೇ. ನೆತ್ತಿಗೆ ಅಂದೆ. ನಾಲಿಗೆಗೆ ಅನ್ನಲಿಲ್ಲ.

ಫಾರ್ಮಸಿ_ಮೇಷ್ಟ್ರು:
"ನೆತ್ತಿಗೆ ಹಚ್ಚು." ತಿದ್ದುವ ಮೊದಲು ಎತ್ತಿ ಇಟ್ಟುಕೊಂಡಿದ್ದೇನೆ. ಈಗ ಹೇಳಿ, ನೆತ್ತಿಗೆ ಹಚ್ಚಿದರೆ ಶೀತ ಹೋಗುತ್ತದೆ ಅನ್ನುವುದಕ್ಕೆ ಆಧಾರ ಏನು?