ಮಧ್ಯಯುಗದ ಚಿಂತನೆಯ ಇತಿಹಾಸ ಓದೋಕೆ ಯಾರಿಂದ ಶುರು ಮಾಡಲಿ?

ಹಿಂದಿನಬೆಂಚು: ನಾನು ಫಿಲಾಸಫಿ ಎಂಎ ಎರಡನೇ ವರ್ಷ. ಪಾಶ್ಚಾತ್ಯ ತತ್ವಶಾಸ್ತ್ರದ ಪೇಪರ್‌ನಲ್ಲಿ ಅರಿಸ್ಟಾಟಲ್ ಮುಗಿದ ಮೇಲೆ ಕ್ರೈಸ್ತ ಚಿಂತಕರಾದ ಅಗಸ್ಟೀನ್, ಅಕ್ವಿನಾಸ್ ಇಬ್ಬರಿಗೂ ಸೇರಿ ಎರಡೇ ಕ್ಲಾಸು, ಆಮೇಲೆ ಸೀದಾ ಹದಿನೇಳನೇ ಶತಮಾನದ ಡೇಕಾರ್ಟ್. ನಡುವೆ ಅಷ್ಟು ಶತಮಾನ ಏನು ನಡೆಯಿತು ಅಂತ ಕೇಳಿದರೆ "ಅದು ಚರ್ಚಿನ ವಿಷಯ, ಪರೀಕ್ಷೆಗೆ ಬರಲ್ಲ" ಅಂದರು ಮೇಷ್ಟ್ರು. ಇದನ್ನೇ ಜೀವನವಿಡೀ ಓದಿದವರು ಯಾರಾದರೂ ಇದ್ದಾರಾ? ಅವರು ಇದಕ್ಕೆ ಬಂದದ್ದು ಹೇಗೆ?

ಹಳೇಪುಸ್ತಕ: ಮಧ್ಯಯುಗದ ತತ್ವಶಾಸ್ತ್ರದ ಇತಿಹಾಸ ಬರೆದ ಎತಿಯೆನ್ ಜಿಲ್ಸನ್ ಬಗ್ಗೆ ಓದಿ. 1884ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವರು. ಮಜಾ ಏನು ಗೊತ್ತಾ, ಅವರು ಮಧ್ಯಯುಗಕ್ಕೆ ಬಂದದ್ದು ಹಿತ್ತಲ ಬಾಗಿಲಿಂದ. ಓದುತ್ತಿದ್ದದ್ದು ನಿಮ್ಮ ಡೇಕಾರ್ಟನ್ನೇ. ಪ್ಯಾರಿಸ್‌ನ ಸೋರ್ಬೋನ್ ವಿಶ್ವವಿದ್ಯಾಲಯದಲ್ಲಿ ಅವರ ಗುರು ಲೆವಿ-ಬ್ರೂಲ್, ಡೇಕಾರ್ಟ್ ಹಳಬರಿಂದ ಏನೇನು ತಗೊಂಡಿದ್ದಾನೆ ನೋಡು ಅಂದರು. ಸರಿ, ಇವರು ಡೇಕಾರ್ಟ್ ಬಳಸಿದ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಒಂದೊಂದರ ಕೆಳಗೂ ಅಕ್ವಿನಾಸ್, ಸ್ವಾರೆಸ್ ಮುಂತಾದ ಹಳೇ ಕ್ರೈಸ್ತ ಪಂಡಿತರು ಅದೇ ಪದವನ್ನು ಎಲ್ಲಿ ಹೇಗೆ ಬಳಸಿದ್ದಾರೆ ಅಂತ ಲ್ಯಾಟಿನ್ ಸಾಲುಗಳನ್ನು ಹುಡುಕಿ ಹಾಕಿದರು. 1913ರಲ್ಲಿ ಡಾಕ್ಟರೇಟ್‌ಗೆ ಕೊಟ್ಟ ಎರಡು ಪ್ರಬಂಧಗಳಲ್ಲಿ ಒಂದು ಈ ಪದಸೂಚಿ. ಕಂಪ್ಯೂಟರ್ ಇಲ್ಲದ ಕಾಲ ಅದು!

ಒಂದು ಪದ ಹೇಳ್ತೀನಿ. 'ಆಬ್ಜೆಕ್ಟಿವ್' ಅಂದರೆ ಇವತ್ತು ನಮಗೆ ಮನಸ್ಸಿನ ಹೊರಗೆ ಇರೋದು. ಡೇಕಾರ್ಟ್‌ನಲ್ಲಿ ಪೂರ್ತಿ ಉಲ್ಟಾ. ಒಂದು ವಸ್ತು ನಮ್ಮ ಕಲ್ಪನೆಯೊಳಗೆ ಯಾವ ರೀತಿ ಇದೆಯೋ ಅದಕ್ಕೆ ಆ ಹೆಸರು. ಅವನು ಅದನ್ನು ಹುಟ್ಟಿಸಿದ್ದಲ್ಲ, ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ ಕಲಿತ ಹಳೇ ಭಾಷೆ. ಇದು ಗೊತ್ತಿಲ್ಲದೆ ದೇವರು ಇದ್ದಾನೆ ಅನ್ನೋ ಅವನ ವಾದ ಓದಿದರೆ ತಲೆಬುಡ ಅರ್ಥ ಆಗಲ್ಲ. ಎಲ್ಲ ಹೊಸದಾಗಿ ಶುರು ಮಾಡಿದೆ ಅಂದವನ ಜೇಬಲ್ಲೇ ಹಳೇ ನಾಣ್ಯ ಸಿಕ್ಕಿತು, ಜಿಲ್ಸನ್ ಅದರ ಟಂಕಸಾಲೆ ಹುಡುಕಿಕೊಂಡು ಹೊರಟರು ಅಷ್ಟೇ.

ಆಮೇಲೆ ಮೊದಲ ಮಹಾಯುದ್ಧ. 1916ರಲ್ಲಿ ಫ್ರಾನ್ಸ್‌ನ ವರ್ಡನ್‌ನಲ್ಲಿ ಜರ್ಮನ್ನರಿಗೆ ಸಿಕ್ಕಿಬಿದ್ದರು. ಸೆರೆಯಲ್ಲಿ ಸುಮ್ನೆ ಕೂರಲಿಲ್ಲ. ರಷ್ಯನ್ ಕಲಿತರು, ಅಕ್ವಿನಾಸ್ ಕಾಲದವನೇ ಆದ ಬೊನವೆಂಚರ್ ಅನ್ನೋ ಕ್ರೈಸ್ತ ಚಿಂತಕನನ್ನು ಓದಿದರು. ಅವನ ಬಗ್ಗೆ ಪುಸ್ತಕ ಬಂದದ್ದು 1924ರಲ್ಲಿ. ಅಷ್ಟರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡೋದು ಮುಗಿಸಿ ಸೋರ್ಬೋನ್‌ಗೆ ಮೇಷ್ಟ್ರಾಗಿ ಬಂದಿದ್ದರು.

ತಕರಾರು: ಜಿಲ್ಸನ್ ದೊಡ್ಡವರೇ, ಇಲ್ಲ ಅನ್ನಲ್ಲ. ಆದರೆ ಒಬ್ಬರನ್ನೇ ನಂಬಿ ಓದಬೇಡಿ. ಅಕ್ವಿನಾಸ್ ಅಂದರೆ ಅವರಿಗೆ ಸ್ವಲ್ಪ ಜಾಸ್ತಿನೇ ಪ್ರೀತಿ. 1931ರ ಸುಮಾರಿಗೆ 'ಕ್ರೈಸ್ತ ತತ್ವಶಾಸ್ತ್ರ' ಅಂತ ಒಂದು ಇದೆಯಾ ಅಂತ ಪ್ಯಾರಿಸ್‌ನಲ್ಲಿ ದೊಡ್ಡ ಜಗಳ ಆಯಿತು. ಕ್ರೈಸ್ತ ಗಣಿತ ಇಲ್ಲದ ಮೇಲೆ ಕ್ರೈಸ್ತ ತತ್ವಶಾಸ್ತ್ರ ಎಲ್ಲಿಂದ ಅಂತ ತತ್ವಶಾಸ್ತ್ರದ ಇತಿಹಾಸಕಾರ ಎಮಿಲ್ ಬ್ರೆಯೆ ಕೇಳಿದರು. ಜಿಲ್ಸನ್ ಇದೆ ಅಂತಲೇ ಹಟ ಹಿಡಿದರು, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೊಟ್ಟ ಗಿಫರ್ಡ್ ಅನ್ನೋ ಹೆಸರಿನ ಉಪನ್ಯಾಸಗಳಲ್ಲೂ ಅದನ್ನೇ ವಾದಿಸಿದರು. ನನ್ನ ಮಟ್ಟಿಗೆ ಬ್ರೆಯೆ ಕೇಳಿದ್ದು ನ್ಯಾಯವಾದ ಪ್ರಶ್ನೆ.

ಹಳೇಪುಸ್ತಕ: ಒಪ್ಪಿದೆ. ಆದರೆ ಬೊನವೆಂಚರ್, ಅಕ್ವಿನಾಸ್ ಇಬ್ಬರೂ ಒಂದೇ ರಾಗ ಹಾಡಲಿಲ್ಲ ಅಂತ ಬಿಡಿಸಿ ತೋರಿಸಿದ್ದೂ ಇದೇ ಮನುಷ್ಯ ಅಲ್ವಾ?

ಚಳಿನಾಡಿನವಳು: ನಾನಿರೋದು ಟೊರಾಂಟೋದಲ್ಲಿ. ಜಿಲ್ಸನ್ 1929ರಲ್ಲಿ ಇಲ್ಲಿನ ಸೇಂಟ್ ಮೈಕಲ್ಸ್ ಕಾಲೇಜಿನ ಪಾದ್ರಿಗಳ ಜೊತೆ ಸೇರಿ ಶುರು ಮಾಡಿದ ಮಧ್ಯಯುಗದ ಅಧ್ಯಯನ ಸಂಸ್ಥೆ ಇವತ್ತಿಗೂ ಇದೆ. ತತ್ವಶಾಸ್ತ್ರ ಓದುವವರು ಆ ಕಾಲದ ಕಾನೂನು, ಪೂಜಾವಿಧಿ, ಕಲೆ, ಕೈಬರಹ ಎಲ್ಲ ತಿಳಿದಿರಬೇಕು ಅನ್ನೋದು ಅವರ ಲೆಕ್ಕ. ಆ ಕೈಬರಹ ನೋಡಿದರೆ ಗಾಬರಿ ಆಗುತ್ತೆ. ಚರ್ಮದ ಹಾಳೆ ದುಬಾರಿ ಅಂತ ಪದಗಳನ್ನೆಲ್ಲ ಕತ್ತರಿಸಿ ಬರೆಯುತ್ತಿದ್ದರು, ಅಕ್ಷರದ ತಲೆ ಮೇಲೆ ಒಂದು ಗೀಟು ಇದ್ದರೆ ಅಲ್ಲಿ ಒಂದು 'ಮ'ನೋ 'ನ'ನೋ ನುಂಗಿದ್ದಾರೆ ಅಂತ ನಾವೇ ತಿಳ್ಕೋಬೇಕು. ನಮ್ಮಲ್ಲಿ ಓಲೆಗರಿ ಓದುವವರಿಗೆ ಈ ಸಂಕಟ ಹೇಳಬೇಕಿಲ್ಲ.

ಹಿಂದಿನಬೆಂಚು: ಎಲ್ಲರಿಗೂ ಥ್ಯಾಂಕ್ಸ್. ಲ್ಯಾಟಿನ್ ಒಂದಕ್ಷರ ಬರಲ್ಲ ನನಗೆ, ಏನು ಮಾಡಲಿ?

ಹಳೇಪುಸ್ತಕ: ಡೇಕಾರ್ಟ್‌ನ 'ಮೆಡಿಟೇಶನ್ಸ್' ಪುಸ್ತಕದ ಮೂರನೇ ಧ್ಯಾನ ತಗೊಳ್ಳಿ, ಲ್ಯಾಟಿನ್ ಮೂಲ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ ಇಟ್ಕೊಂಡು. 'ಒಬ್ಯೆಕ್ಟಿವಾ' ಅಂತ ಕಂಡಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಪರೀಕ್ಷೆಗೂ ಬರುತ್ತೆ, ಮೇಷ್ಟ್ರು ಬೈಯಲ್ಲ.